ದೀವಟಿಗೆಯ ಬೆಳಕಿಗಾಗಿ ಬರೆದ ಬಣ್ಣಗಳು

ಬೀದರ್, ಕಲಬುರಗಿ, ಯಾದಗಿರಿ ಸೀಮೆಯ ಭಿತ್ತಿಚಿತ್ರಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಳ್ಳಿ, ಹೂವು, ಅಕ್ಷರಗಳ ವರ್ಣನೆಯಲ್ಲಿ ತೊಡಗುತ್ತಾರೆ. ಇದೇ ಸೀಮೆಯ ದೊಡ್ಡಾಟ, ಸಣ್ಣಾಟಗಳೆಂಬ ಬಯಲಾಟಗಳ, ಮೊಹರಂ ಕುಣಿತಗಳ ಬಗ್ಗೆ ಬರೆಯುವವರು ಕಥೆ, ಹಾಡು, ತಾಳಗಳ ಕಡೆಗೆ ಹೊರಳುತ್ತಾರೆ. ಒಂದು ಚಿತ್ರಕಲಾ ವಿಭಾಗದ ಪಾಲು, ಇನ್ನೊಂದು ಜಾನಪದ ವಿಭಾಗದ ಪಾಲು ಎಂಬ ಹಂಚಿಕೆ ಎಷ್ಟು ಗಟ್ಟಿಯಾಗಿಬಿಟ್ಟಿದೆಯೆಂದರೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದು ನಮಗೆ ಅನ್ನಿಸುವುದೇ ಅಪರೂಪ. ಹಾಗೆ ಇಟ್ಟು ನೋಡಿದಾಗ ನನ್ನ ಗಮನಕ್ಕೆ ಬಂದದ್ದು ಒಂದು ಸಂಗತಿ: ಗೋಡೆಗೆ ಬಣ್ಣ ಹಾಕಿದವನೂ ಮುಖಕ್ಕೆ ಬಣ್ಣ ಹಾಕಿಕೊಂಡವನೂ ಒಂದೇ ಬೆಳಕನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿದ್ದಾರೆ. ಅದು ಎಣ್ಣೆಯ ದೀಪದ, ಪಂಜಿನ, ದೀವಟಿಗೆಯ ಅಲುಗಾಡುವ ಹಳದಿ ಬೆಳಕು. ಆ ಬೆಳಕು ಹೋದ ಮೇಲೆ ಎರಡು ಕಲೆಗಳಿಗೂ ಏನಾಗಿದೆ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಬೀದರ್ ನಗರದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಅಷ್ಟೂರಿನಿಂದಲೇ ಆರಂಭಿಸುತ್ತೇನೆ. 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿ ರಾಜ್ಯದ ರಾಜಧಾನಿಯನ್ನು ಬೀದರಿಗೆ ಸಾಗಿಸಿದ ಅಹ್ಮದ್ ಶಾಹ ವಲಿ 1436ರಲ್ಲಿ ತೀರಿಕೊಂಡ. ಅಷ್ಟೂರಿನಲ್ಲಿ ಸಾಲಾಗಿ ನಿಂತಿರುವ ಸುಲ್ತಾನರ ಗುಮ್ಮಟಗಳಲ್ಲಿ ಅವನದೇ ಹೆಸರಾದದ್ದು. ಪಕ್ಕದಲ್ಲೇ ಇರುವ ಅವನ ಮಗ ಅಲಾವುದ್ದೀನನ ಗುಮ್ಮಟದ ಹೊರಗೋಡೆಗೆ ಬಣ್ಣದ ಹೆಂಚಿನ ಬಿಲ್ಲೆಗಳ ಅಲಂಕಾರವಿದೆ. ತಂದೆಯ ಗುಮ್ಮಟದ ಹೊರಮೈ ಅದಕ್ಕೆ ಹೋಲಿಸಿದರೆ ಬರೀ ಗಾರೆಯದು, ದಾರಿಯಲ್ಲಿ ಹೋಗುವವರನ್ನು ಅದು ಕರೆಯುವುದಿಲ್ಲ. ಅದರ ವೈಭವವೆಲ್ಲ ಒಳಗಿದೆ. ಗೋಡೆಯ ಬುಡದ ಮೇಲಿನಿಂದ ಹಿಡಿದು ಗುಮ್ಮಟದ ನಡುನೆತ್ತಿಯವರೆಗೆ ಇಂಗಳೀಕದಂಥ ಕೆಂಪು, ಕಡುನೀಲಿ, ಕಪ್ಪು, ಬಿಳಿ, ಚಿನ್ನ. ಕಡುನೀಲಿ ಅಥವಾ ಕೆಂಪು ಹಿನ್ನೆಲೆಯ ಮೇಲೆ ಚಿನ್ನದ ಅಕ್ಷರಗಳಲ್ಲಿ ಕೂಫಿ, ನಸ್ಖ್, ಥುಲುಥ್ ಲಿಪಿಶೈಲಿಯ ಬರಹಗಳಿವೆ. ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಶಾಹ್ ನಿಯಾಮತುಲ್ಲಾನ ಮೇಲೆ ಸುಲ್ತಾನನಿಗೆ ಅಪಾರ ಭಕ್ತಿಯಿತ್ತಾದ್ದರಿಂದ ಆ ಪಂಥದ ಗುರುಪರಂಪರೆಯನ್ನೂ ಆ ಸೂಫಿಯ ಪದ್ಯಗಳನ್ನೂ ಇಲ್ಲಿ ಬರೆಸಲಾಗಿದೆ. ಕುಸುರಿಯನ್ನು ನೋಡಿದರೆ ಇದನ್ನು ಬರೆದವರ ಕೈ ಪಾರಸಿ ಹಸ್ತಪ್ರತಿಗಳ ಅಂಚಿನ ಅಲಂಕಾರದಲ್ಲಿ ಪಳಗಿದ ಕೈ ಎಂಬುದು ತಿಳಿಯುತ್ತದೆ. ಅಂಗೈಯಷ್ಟು ಹಾಳೆಗೆ ಮಾಡುವ ಕೆಲಸವನ್ನು ಅವರು ಇಡೀ ಗುಮ್ಮಟಕ್ಕೆ ಮಾಡಿದ್ದಾರೆ.

ಆದರೆ ಒಳಗೆ ಕಾಲಿಟ್ಟ ಕೂಡಲೇ ಇದಾವುದೂ ಕಾಣುವುದಿಲ್ಲ. ಬೀದರಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಸಿಗುವುದು ಕತ್ತಲೆ, ಆಮೇಲೆ ಗೋರಿಯ ಮೇಲಿನ ಚಾದರ, ಅದಾದ ಮೇಲೆ ಕೆಂಪು-ಕಪ್ಪುಗಳ ಒಂದು ಮಬ್ಬು. ಬಾಗಿಲಿನಿಂದ ಬರುವ ಬೆಳಕು ನೆಲಕ್ಕೆ ಬಿದ್ದು ಅಲ್ಲಿಯೇ ಮುಗಿಯುತ್ತದೆ. ಅಲ್ಲಿ ನೋಡಿಕೊಳ್ಳುವ ಹಿರಿಯರೊಬ್ಬರು ನಾನು ಮೊಬೈಲಿನ ಟಾರ್ಚ್ ಹಚ್ಚಲು ಹೋದಾಗ ಕೈಸನ್ನೆಯಿಂದ ತಡೆದು, “ಅದ್ರಾಗೇನು ಕಾಣಸ್ತದ್ರೀ ಸರ, ನಿಂದರ್ರಿ, ಕನ್ನಡಿ ತರ್ತೀನಿ” ಎಂದರು. ಕಟ್ಟು ಹಾಕಿದ ಒಂದು ಸಾದಾ ಕನ್ನಡಿಯನ್ನು ಹಿಡಿದು ಬಾಗಿಲಾಚೆಯ ಬಿಸಿಲಿನಲ್ಲಿ ನಿಂತು, ಅದನ್ನು ಓರೆಮಾಡಿ, ಸೂರ್ಯನ ಬೆಳಕನ್ನು ಒಳಗೋಡೆಗೆ ತಿರುಗಿಸಿದರು. ಬಾಗಿಲಗಲದ ಒಂದು ಬೆಳಕಿನ ತುಂಡು ಗೋಡೆಯ ಮೇಲೆ ಬಿತ್ತು. ಅದು ಬಿದ್ದಲ್ಲಿ ಚಿನ್ನ ಎದ್ದಿತು. ಅವರ ಕೈ ಸ್ವಲ್ಪ ಅಲುಗಿದರೆ ಬೆಳಕೂ ಅಲುಗುತ್ತಿತ್ತು, ಅದರೊಡನೆ ಅಕ್ಷರಗಳ ಅಂಚು ಮಿನುಗುತ್ತಿತ್ತು. ಬೆಳಕು ನಿಧಾನವಾಗಿ ಮೇಲೇರಿ, ಮೂಲೆಯ ಕಮಾನುಗಳನ್ನು ದಾಟಿ, ಗುಮ್ಮಟದ ಒಡಲಿಗೆ ಹೋದಾಗ ಒಂದರೊಳಗೊಂದು ಸುತ್ತಿಕೊಂಡ ವೃತ್ತಗಳು ತೋರಿದವು. ಅಷ್ಟರಲ್ಲಿ ಕೆಳಗಿನ ಗೋಡೆ ಮತ್ತೆ ಕತ್ತಲಿಗೆ ಸೇರಿತ್ತು.

ಇಡೀ ಚಿತ್ರ ಒಮ್ಮೆಲೇ ಕಾಣದಿರುವುದು ಕೊರತೆಯೆಂದು ಮೊದಲಿಗೆ ಅನ್ನಿಸಬಹುದು. ನನ್ನ ತಿಳಿವಳಿಕೆಯಲ್ಲಿ ಅದೇ ಈ ಚಿತ್ರದ ಸರಿಯಾದ ನೋಟ. ಇಲ್ಲಿ ನಿತ್ಯ ಉರಿಯುತ್ತಿದ್ದದ್ದು ದೀಪ. ಉರುಸಿನ ರಾತ್ರಿಗಳಲ್ಲಿ ದೀಪಗಳ ಸಂಖ್ಯೆ ಹೆಚ್ಚುತ್ತಿತ್ತೇ ಹೊರತು ಗುಮ್ಮಟದ ನೆತ್ತಿಯವರೆಗೂ ಸಮನಾದ ಬೆಳಕು ಎಂದೂ ಹರಡಿರಲಿಲ್ಲ. ಚಿತ್ರಕಾರನಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಅವನು ಕಡುಬಣ್ಣದ ಹಿನ್ನೆಲೆಯನ್ನು ಆರಿಸಿ, ಓದಬೇಕಾದದ್ದನ್ನು ಚಿನ್ನದಲ್ಲಿ ಬರೆದ. ಹಗಲಿನ ಬಯಲು ಬೆಳಕಿನಲ್ಲಿ ಇದೇ ಕೆಂಪು, ಇದೇ ಚಿನ್ನ ಕಣ್ಣು ಕುಕ್ಕಬಹುದು. ನಸುಗತ್ತಲಲ್ಲಿ ಅವು ಹಿತವಾಗಿ ಮೈದೋರುತ್ತವೆ. ಕನ್ನಡಿ ಹಿಡಿದಾಗ ಗೋಡೆಗೆ ಒಂದು ಆರಂಭ, ಒಂದು ನಡೆ, ಒಂದು ಮುಕ್ತಾಯ ಬರುತ್ತದೆ. ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ತಡೆದು ತೋರಿಸಬೇಕು ಎಂಬ ತೀರ್ಮಾನ ಕನ್ನಡಿ ಹಿಡಿದವನದು. ಆ ಹಿರಿಯರು ಗುಮ್ಮಟದ ನೆತ್ತಿಯನ್ನು ಕೊನೆಗೆ ಉಳಿಸಿಕೊಂಡಿದ್ದರು. ಆಟದ ಮೇಳದವರು ಮುಖ್ಯ ಪಾತ್ರವನ್ನು ತಡವಾಗಿ ರಂಗಕ್ಕೆ ತರುವ ಲೆಕ್ಕಾಚಾರವೇ ಅದರಲ್ಲಿಯೂ ಇತ್ತು.

ಅಷ್ಟೂರಿನ ಉರುಸಿನ ಸಂಗತಿ ಇಲ್ಲಿ ಹೇಳಲೇಬೇಕಾದದ್ದು. ಹೋಳಿಯ ನಂತರದ ದಿನಗಳಲ್ಲಿ, ಅಂದರೆ ನಮ್ಮ ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಮುಸ್ಲಿಂ ಸುಲ್ತಾನನೊಬ್ಬನ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ತಮ್ಮ ಪರಿವಾರದೊಡನೆ ಬಂದು, ಶಂಖ ಊದಿಸಿ, ಹೂವು ಏರಿಸಿ, ಕಾಯಿ ಒಡೆಸಿ ಗೋರಿಗೆ ಸೇವೆ ಸಲ್ಲಿಸುತ್ತಾರೆ. ಲಿಂಗಾಯತ ಭಕ್ತರು ಅಹ್ಮದ್ ಶಾಹನನ್ನು ಅಲ್ಲಮಪ್ರಭು ಎಂದೇ ನಂಬಿ ನಡೆದುಕೊಳ್ಳುತ್ತ ಬಂದಿದ್ದಾರೆ. ಪಾರಸಿ ಅಕ್ಷರಗಳ ಕೆಳಗೆ ಶಂಖದ ಧ್ವನಿ, ಅದರ ಹಿಂದೆಯೇ ಫಾತಿಹಾ, ಹೊರಗೆ ಜಾತ್ರೆಯ ಗದ್ದಲ, ಕುಸ್ತಿ, ಮಿಠಾಯಿ ಅಂಗಡಿ. ಸೌಹಾರ್ದದ ಭಾಷಣಗಳಲ್ಲಿ ಈ ಸಂಗತಿ ಎಷ್ಟು ಸಾರಿ ಬಂದು ಹೋಗಿದೆಯೆಂದರೆ ಅದನ್ನು ಮತ್ತೆ ವಿವರಿಸಲು ನನಗೆ ಸಂಕೋಚ. ನಾನು ಹೇಳಬೇಕೆಂದಿರುವುದು ಬೇರೆ. ಈ ಭಿತ್ತಿಚಿತ್ರದ ಬರಹವನ್ನು ಓದಬಲ್ಲವರು ಅಂದೂ ಕೆಲವರೇ, ಇಂದೂ ಕೆಲವರೇ. ಉಳಿದವರಿಗೆ ಅದು ಧ್ವನಿ, ಧೂಪ, ದೀಪಗಳ ಜೊತೆಗೆ ಸೇರಿ ಬರುವ ಅನುಭವ. ಸೇವೆ ನಡೆಯುವಾಗ ಮಿನುಗುವ ಗೋಡೆ ಆ ಸೇವೆಯಲ್ಲಿ ಪಾಲುಗೊಳ್ಳುತ್ತದೆ. ನಮ್ಮ ಕಡೆಯ ಗುಡಿ, ಮಠ, ದರ್ಗಾಗಳ ಚಿತ್ರಗಳನ್ನು ಖಾಲಿ ಕೋಣೆಯಲ್ಲಿ, ಸದ್ದಿಲ್ಲದೆ ನೋಡುವುದು ಇತ್ತೀಚಿನ ರೂಢಿ.

ಕತ್ತಲೆಯ ಮೇಲೆ ಬೆಳಕಿನ ಗೆರೆ ಎಳೆಯುವ ಈ ರುಚಿ ಬೀದರಿನ ಕೋಟೆಯೊಳಗೂ ಇದೆ. 16ನೇ ಶತಮಾನದಲ್ಲಿ ಅಲಿ ಬರೀದ್ ಶಾಹನ ಕಾಲದಲ್ಲಿ ಈಗಿನ ರೂಪ ಪಡೆದ ರಂಗೀನ್ ಮಹಲಿನಲ್ಲಿ ನುಣುಪಾದ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿಗಳನ್ನೂ ಪಾರಸಿ ಸಾಲುಗಳನ್ನೂ ಬರೆದಿದ್ದಾರೆ. ಬೀದರಿನ ಹೆಸರಾಂತ ಲೋಹದ ಕುಸುರಿಯಾದ ಬಿದ್ರಿಯ ಕೆಲಸದವರು ಸತು-ತಾಮ್ರದ ಪಾತ್ರೆಗೆ ಬೆಳ್ಳಿಯ ತಂತಿ ಹೊಡೆದು, ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಅದ್ದಿ, ಮೈಯನ್ನು ಕಪ್ಪಾಗಿಸಿ ಬೆಳ್ಳಿಯನ್ನು ಮಾತ್ರ ಬೆಳಗಿಸುತ್ತಾರೆ. ಶೋರೂಮಿನ ದೀಪಗಳ ಕೆಳಗೆ ಬಿದ್ರಿಯ ಹೂಜಿ ಸಾಧಾರಣವಾಗಿ ಕಾಣುತ್ತದೆ. ಸಂಜೆ ಹೊತ್ತು, ಒಂದೇ ದೀಪವಿರುವ ಮನೆಯ ಗೂಡಿನಲ್ಲಿಟ್ಟು ನೋಡಬೇಕು.

ಈಗ ಆಟಕ್ಕೆ ಬರುತ್ತೇನೆ. ನಮ್ಮ ಕಡೆ ಸುಗ್ಗಿ ಮುಗಿದು ಜೋಳದ ರಾಶಿ ಮನೆಗೆ ಬಂದ ಮೇಲೆ, ಯುಗಾದಿಯ ಆಸುಪಾಸಿನ ಜಾತ್ರೆಗಳಲ್ಲಿ ದೊಡ್ಡಾಟ ಕಟ್ಟುವುದು ರೂಢಿ. ಊರ ಗುಡಿಯ ಮುಂದಿನ ಬಯಲಿನಲ್ಲಿ ಅಟ್ಟ ಹಾಕಿ, ರಾತ್ರಿ ಊಟವಾದ ಮೇಲೆ ಗಣಪತಿ ಸ್ತುತಿಯಿಂದ ಶುರುವಾದ ಆಟ ಬೆಳಗಿನ ಜಾವಕ್ಕೆ ಮಂಗಳ ಹಾಡುತ್ತದೆ. ಮಹಾಭಾರತ, ರಾಮಾಯಣ, ಶಿವಪುರಾಣದ ಪ್ರಸಂಗಗಳೇ ಹೆಚ್ಚು. ಕಂದ, ದ್ವಿಪದಿ, ದರುವುಗಳನ್ನು ಹಿಮ್ಮೇಳದವರು ಪೇಟಿ, ಮದ್ದಳೆ, ತಾಳಗಳೊಡನೆ ಎತ್ತಿಕೊಳ್ಳುತ್ತಾರೆ. ಪಾತ್ರಧಾರಿ ಕುಣಿದು, ನಿಂತು, ವಚನ ಹೇಳುತ್ತಾನೆ. ಪಾತ್ರ ಯಾವುದೇ ಇರಲಿ, ಮೊದಲ ಸಲ ರಂಗಕ್ಕೆ ಬಂದಾಗ, ಪಾತ್ರಗಳನ್ನು ಮಾತಿಗೆಳೆಯುವ ಸಾರಥಿಯ ಪ್ರಶ್ನೆಗೆ ಉತ್ತರವಾಗಿ ತನ್ನ ಹೆಸರು, ಪೌರುಷ ಎರಡನ್ನೂ ಹೇಳಿಕೊಳ್ಳಬೇಕು. ಹೇಳಿಕೊಳ್ಳುವ ಮುನ್ನವೇ ಅವನು ಯಾರೆಂಬುದನ್ನು ವೇಷ ಸಾರಿರುತ್ತದೆ.

ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ಆಟದ ಹಿಂದಿನ ಹಗಲು ವೇಷದ ಪೆಟ್ಟಿಗೆ ತೆರೆಯುವುದನ್ನು ಕುಳಿತು ನೋಡಿದ್ದೇನೆ. ಕಿರೀಟ, ಭುಜಕೀರ್ತಿ, ಎದೆಗವಚಗಳೆಲ್ಲ ಹಗುರ ಕಟ್ಟಿಗೆಯಲ್ಲಿ ಕೆತ್ತಿದವು. ಅವುಗಳ ಮೇಲೆ ಅಂಟು ಸವರಿ ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ, ಹಚ್ಚುತ್ತಾರೆ, ಬೇಗಡೆಯ ನಡುನಡುವೆ ಕನ್ನಡಿ ಚೂರು ಕೂರಿಸುತ್ತಾರೆ. ಬೇಗಡೆಯನ್ನು ಹೆಬ್ಬೆರಳಿನಿಂದ ಒತ್ತುವಾಗ ಅದು ಕೆತ್ತನೆಯ ಏರುತಗ್ಗುಗಳಿಗೆ ಅಂಟಿಕೊಂಡು ಸಣ್ಣ ಸಣ್ಣ ಸುಕ್ಕುಗಳಾಗುತ್ತವೆ. ಆ ಸುಕ್ಕುಗಳನ್ನು ಸರಿಮಾಡಲು ಹೋದ ಹುಡುಗನೊಬ್ಬನಿಗೆ ಮೇಳದ ಮಾಸ್ತರರು, “ಇರ್ಲಿ ಬಿಡೋ ತಮ್ಮಾ, ಅದು ಸಪಾಟಾದ್ರ ಹೊಳಿಯಂಗಿಲ್ಲ” ಎಂದರು. ಅವರ ಮಾತಿನ ಕಾರಣ ಸರಳವಾದದ್ದು. ನಯವಾದ ಮೈ ಬೆಳಕನ್ನು ಒಂದೇ ಕಡೆಗೆ ಹಿಂದಿರುಗಿಸುತ್ತದೆ. ಸುಕ್ಕಿನ ಮೈ ನೂರು ಕಡೆಗೆ ಚೆಲ್ಲುತ್ತದೆ. ಪಂಜಿನ ಉರಿ ಗಾಳಿಗೆ ಅಲುಗಿದರೂ ಸಾಕು, ಪಾತ್ರಧಾರಿ ಮೈ ಕುಲುಕಿದರೂ ಸಾಕು, ಎದೆ-ಭುಜ-ತಲೆಗಳ ಮೇಲಿನ ಸಾವಿರ ಕಿಡಿಗಳು ಜಾಗ ಬದಲಿಸುತ್ತವೆ. ಅಷ್ಟೂರಿನ ಗೋಡೆಯಲ್ಲಿ ಚಿನ್ನ ಮಾಡುವ ಕೆಲಸವನ್ನೇ ಇಲ್ಲಿ ಬೇಗಡೆ ಮಾಡುತ್ತದೆ, ಮೈತುಂಬ ಹೊತ್ತು ಕುಣಿಯಬಹುದಾದಷ್ಟು ಹಗುರವಾಗಿ.

ಮುಖದ ಬಣ್ಣದ ವಿಷಯದಲ್ಲಿ ನಂಟು ಇನ್ನೂ ಹತ್ತಿರದ್ದು. ಬಯಲಾಟದ ಹಳೆಯ ಬಣ್ಣಗಾರಿಕೆಯ ಸಾಮಗ್ರಿಗಳು ಅರದಾಳ, ಇಂಗಳೀಕ, ಕಾಡಿಗೆ, ಸಫೇದ. ಇವು ಚಿತ್ರಕಾರನ ಸಾಮಗ್ರಿಗಳೂ ಹೌದು. ಅರದಾಳದ ಹಳದಿ, ಇಂಗಳೀಕದ ಕೆಂಪು, ದೀಪದ ಮಸಿಯ ಕಪ್ಪು ಇಲ್ಲದೆ ನಮ್ಮ ನಾಡಿನ ಹಳೆಯ ಚಿತ್ರಗಳ ಮಾತೇ ಇಲ್ಲ. ಅರದಾಳವನ್ನು ಕಲ್ಲಿನ ಮೇಲೆ ತೇಯ್ದು, ಕೊಬ್ಬರಿ ಎಣ್ಣೆ ಬೆರೆಸಿ, ಸಾತ್ತ್ವಿಕ ಪಾತ್ರಗಳ ಮುಖಕ್ಕೆ ತೆಳುವಾಗಿ ಸವರುತ್ತಿದ್ದರು. ಪಂಜಿನ ಹಳದಿ ಬೆಳಕಿನಲ್ಲಿ ಆ ಹಳದಿ ಲೇಪ ಬಣ್ಣವೆಂದು ತೋರದೆ ಮುಖದ ಕಾಂತಿಯೆಂದು ತೋರುತ್ತಿತ್ತು. ರಾಕ್ಷಸ ಪಾತ್ರಕ್ಕೆ ಇಂಗಳೀಕವನ್ನು ದಟ್ಟವಾಗಿ ಬಳಿದು, ಹುಬ್ಬು-ಮೀಸೆಗಳನ್ನು ಕಾಡಿಗೆಯಲ್ಲಿ ಅಗಲಿಸಿ, ಅಂಚಿಗೆ ಬಿಳಿಯ ಚುಕ್ಕೆ ಇಡುತ್ತಿದ್ದರು. ಬಿಳಿಯ ಚುಕ್ಕೆ ಇಲ್ಲದಿದ್ದರೆ ಕೆಂಪು ಮುಖ ರಾತ್ರಿಯ ಕಪ್ಪಿನಲ್ಲಿ ಕರಗಿ ಹೋಗುತ್ತಿತ್ತು. ಅರದಾಳ, ಇಂಗಳೀಕಗಳೆರಡೂ ವಿಷದ ಅಂಶವುಳ್ಳವು, ಮೈಗೆ ಒಳ್ಳೆಯವಲ್ಲ. ಅವುಗಳನ್ನು ಬಿಟ್ಟು ಅಂಗಡಿಯ ಬಣ್ಣಕ್ಕೆ ಹೊರಳಿದ್ದರಲ್ಲಿ ಯಾವ ತಪ್ಪೂ ಇಲ್ಲ. ತೊಂದರೆ ಬಂದದ್ದು ಬಣ್ಣ ಬದಲಾದದ್ದರಿಂದಲ್ಲ, ಬೆಳಕು ಬದಲಾದದ್ದರಿಂದ.

ಹಿಂದೆ ಅಟ್ಟದ ಎರಡೂ ಬದಿಗೆ ಪಂಜಿನವರು ನಿಲ್ಲುತ್ತಿದ್ದರು. ಬಟ್ಟೆ ಸುತ್ತಿದ ದೀವಟಿಗೆಗೆ ಆಗಾಗ ಎಣ್ಣೆ ಎರೆಯುತ್ತ, ಪಾತ್ರಧಾರಿ ಮುಂದೆ ಬಂದಾಗ ತಾವೂ ಒಂದು ಹೆಜ್ಜೆ ಮುಂದಾಗಿ, ಹಿಂದೆ ಸರಿದಾಗ ತಾವೂ ಸರಿದು, ಬೆಳಕನ್ನು ಎದೆಮಟ್ಟದಲ್ಲಿ ಹಿಡಿಯುತ್ತಿದ್ದರು. ಎದೆಮಟ್ಟ ಎಂಬುದು ಬಹಳ ಮುಖ್ಯ. ದೊಡ್ಡಾಟದ ಕಿರೀಟ ಹಣೆಯ ಮೇಲೆ ಮುಂಚಾಚಿರುತ್ತದೆ. ಬೆಳಕು ಕೆಳಗಿನಿಂದ ಅಥವಾ ಪಕ್ಕದಿಂದ ಬಂದರೆ ಕಿರೀಟದ ಅಡಿಯಲ್ಲಿ ತೂರಿ ಕಣ್ಣನ್ನು ಮುಟ್ಟುತ್ತದೆ. ಪಾತ್ರ ಪ್ರವೇಶಕ್ಕೆ ಮುಂಚೆ ಇಬ್ಬರು ತೆರೆ ಹಿಡಿಯುತ್ತಾರೆ. ತೆರೆಯ ಹಿಂದೆ ಕುಣಿಯುವಾಗ ಮೇಲೆ ಕಿರೀಟದ ತುದಿ ಮಾತ್ರ ಮಿಂಚುತ್ತದೆ, ಕೆಳಗೆ ಗೆಜ್ಜೆಕಾಲು ಮಾತ್ರ ಕಾಣುತ್ತದೆ. ತೆರೆ ಸರಿದಾಗ ಪಂಜಿನವರು ಒಮ್ಮೆಲೇ ಎರಡೂ ಕಡೆಯಿಂದ ಮುಂದೊತ್ತುತ್ತಾರೆ. ಮಾಸ್ತರರು ಆ ಗಳಿಗೆಯ ಬಗ್ಗೆ, “ಪಂಜಿನಾಂವ ಜಾಣ ಇದ್ದ್ರ ಅರ್ಧ ಆಟ ಅಂವನೇ ಗೆಲ್ಲಸ್ತಿದ್ದ್ರೀ” ಎಂದರು. ಪಂಜಿನವನ ಹೆಸರು ಯಾವ ಕರಪತ್ರದಲ್ಲಿಯೂ ಅಚ್ಚಾಗಿಲ್ಲ, ಯಾವ ಪ್ರಶಸ್ತಿಯ ಪಟ್ಟಿಯಲ್ಲಿಯೂ ಇಲ್ಲ. ಕೆಲಸದ ಬಗೆಯಲ್ಲಿ ನೋಡಿದರೆ ಅವನೂ ಅಷ್ಟೂರಿನ ಕನ್ನಡಿ ಹಿಡಿದ ಹಿರಿಯರೂ ಒಂದೇ ಕಸುಬಿನವರು.

ಪಂಜು ಹೋಗಿ ಗ್ಯಾಸ್‌ಬತ್ತಿ ಬಂದಾಗ ಬೆಳಕು ಬಿಳಿಯಾಯಿತು, ಆದರೆ ಅದನ್ನೂ ಗೂಟಕ್ಕೆ ನೇತುಹಾಕುತ್ತಿದ್ದರಾದ್ದರಿಂದ ಅಷ್ಟಾಗಿ ಕೆಡಲಿಲ್ಲ. ಟ್ಯೂಬ್‌ಲೈಟ್ ಬಂದ ಮೇಲೆ ದೀಪ ಚಪ್ಪರಕ್ಕೆ ಏರಿತು. ಈಗ ನಾಲ್ಕೂ ಮೂಲೆಗೆ ಎಲ್‌ಇಡಿ ಫ್ಲಡ್‌ಲೈಟ್. ಬೆಳಕು ತಲೆಯ ಮೇಲಿನಿಂದ ಬೀಳುವುದರಿಂದ ಕಿರೀಟದ ನೆರಳು ಕಣ್ಣು-ಮೂಗನ್ನು ಮುಚ್ಚುತ್ತದೆ; ಬೇಗಡೆಯ ಕಿಡಿಗಳೆಲ್ಲ ಸೇರಿ ಒಂದೇ ಬಿಳಿಯ ಪ್ರಖರತೆಯಾಗಿ ನಿಲ್ಲುತ್ತದೆ; ಕಟ್ಟಿಗೆಯ ಬಿರುಕು, ಅಂಟಿನ ಕಲೆ, ಮಾಸಿದ ಜರಿ ಎಲ್ಲವೂ ಬಯಲಾಗುತ್ತವೆ. ಜಿಲ್ಲೆಯೊಂದರ ಸರ್ಕಾರಿ ವೇದಿಕೆಯಲ್ಲಿ ಒಂದು ತಾಸಿಗೆ ಇಳಿಸಿದ ದೊಡ್ಡಾಟ ನೋಡಿದಾಗ, ನನ್ನ ಹಿಂದಿನ ಸಾಲಿನವರು ವೇಷವನ್ನು ಕಂಡು ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಆ ಬೆಳಕಿನಲ್ಲಿ ಅದು ನಗುವಂತೆಯೇ ಕಾಣುತ್ತಿತ್ತು. ಸಿಟ್ಟು ಬಂದದ್ದು, ಆಮೇಲೆ ಸಂಘಟಕರು ಮೇಳದವರಿಗೆ “ವೇಷ ಸ್ವಲ್ಪ ಸುಧಾರಿಸಿಕೊಳ್ಳಿ” ಎಂದು ಬುದ್ಧಿ ಹೇಳಿದ್ದಕ್ಕೆ.

ಈ ವಿಷಯದಲ್ಲಿ ಕೇರಳದವರು ನಮಗಿಂತ ಎಚ್ಚರವಾಗಿದ್ದಾರೆ ಎಂದು ಒಪ್ಪಬೇಕು. ಕಥಕಳಿಯ ರಂಗದ ಮುಂದೆ ದೊಡ್ಡ ಹಿತ್ತಾಳೆಯ ದೀಪವನ್ನು ಇಂದಿಗೂ ಹಚ್ಚಿಡುತ್ತಾರೆ. ಅದರ ದಪ್ಪನೆಯ ಬತ್ತಿಯೊಂದು ನಟನ ಕಡೆಗೆ, ಇನ್ನೊಂದು ನೋಡುವವರ ಕಡೆಗೆ ಉರಿಯುತ್ತದೆ. ವಿದ್ಯುದ್ದೀಪ ಜೊತೆಗೆ ಇದ್ದರೂ ಆ ದೀಪವನ್ನು ಕೈಬಿಟ್ಟಿಲ್ಲ. ಅಲ್ಲಿನ ದೇವಾಲಯಗಳ ಗರ್ಭಗುಡಿಯ ಹೊರಗೋಡೆಗಳ ಭಿತ್ತಿಚಿತ್ರಗಳಲ್ಲಿ ದೇವತೆಗಳ ಮೈಗೆ ಬಳಸುವ ಹಸಿರು, ಕಥಕಳಿಯ ಧೀರೋದಾತ್ತ ಪಾತ್ರದ ಮುಖದ ಹಸಿರು ಎರಡೂ ಒಂದೇ ಗುಣವನ್ನು ಸೂಚಿಸುತ್ತವೆ ಎಂಬುದನ್ನು ಅಲ್ಲಿನ ಸಾಮಾನ್ಯ ಪ್ರೇಕ್ಷಕರೂ ಬಲ್ಲರು. 1970ರಲ್ಲಿ ಗುರುವಾಯೂರು ದೇವಾಲಯದಲ್ಲಿ ಬೆಂಕಿ ಬಿದ್ದು ಹಳೆಯ ಚಿತ್ರಗಳು ಹಾಳಾದ ಮೇಲೆ, ಅವುಗಳನ್ನು ಮತ್ತೆ ಬರೆಸುವ ನೆಪದಲ್ಲಿ ಹಿರಿಯ ಕಲಾವಿದರನ್ನು ಹುಡುಕಿ ತಂದರು, 1989ರಲ್ಲಿ ಭಿತ್ತಿಚಿತ್ರ ಕಲಿಸುವ ಸಂಸ್ಥೆಯನ್ನೇ ಅಲ್ಲಿ ತೆರೆದರು. ನಮ್ಮಲ್ಲಿ ಬೆಂಕಿ ಬಿದ್ದಿಲ್ಲ. ಆದ್ದರಿಂದ ಯಾರಿಗೂ ಅವಸರವಾಗಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರದ ಚಿತ್ರಗಳನ್ನು ಇಲ್ಲಿ ತರದೆ ಇರುವಂತಿಲ್ಲ, ಅವು ಗೋಡೆಯ ಮೇಲಿನವಲ್ಲದಿದ್ದರೂ. ನಾಯಕ ಅರಸರ ಆಶ್ರಯದಲ್ಲಿ 18 ಮತ್ತು 19ನೇ ಶತಮಾನಗಳಲ್ಲಿ ಬೆಳೆದ ಈ ಕಿರುಚಿತ್ರಗಳಲ್ಲಿ ದೇವತೆಗಳು, ದರ್ಬಾರು, ಮೆರವಣಿಗೆಗಳಿವೆ. ಒಡವೆ, ಕಿರೀಟ, ಪ್ರಭಾವಳಿಗಳ ಜಾಗದಲ್ಲಿ ಚಿನ್ನದ ರೇಕು ಇದೆ. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಕೊನೆಯುಸಿರೆಳೆದು ಸಂಸ್ಥಾನವೇ ಹೋದ ಮೇಲೆ ಚಿತ್ರಗಾರರ ಆಶ್ರಯವೂ ಹೋಯಿತು. ಈ ಚಿತ್ರಗಳಲ್ಲಿ ಯಾರ ನೆರಳೂ ನೆಲಕ್ಕೆ ಬಿದ್ದಿಲ್ಲ. ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನೇ ಚಿತ್ರಗಾರ ಕೇಳಿಕೊಂಡಿಲ್ಲ, ಏಕೆಂದರೆ ಬೆಳಕನ್ನು ತರಬೇಕಾದವನು ನೋಡುವವನು. ದೇವರ ಮನೆಯ ದೀಪ ಹತ್ತಿದಾಗ ಚಿನ್ನದ ರೇಕು ತನ್ನ ಕೆಲಸ ತಾನು ಮಾಡುತ್ತದೆ.

ಈ ಪದ್ಧತಿಯನ್ನು ತಲೆಕೆಳಗು ಮಾಡಿದ ದೊಡ್ಡ ಕಲಾವಿದ ನಮ್ಮೂರಿನವರೇ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬಯಿಯಲ್ಲಿ ಸಿನಿಮಾ ಪ್ರಚಾರದ ಚಿತ್ರಗಳನ್ನೂ ಕ್ಯಾಲೆಂಡರಿನ ದೇವರುಗಳನ್ನೂ ಬರೆದು ಹೆಸರು ಮಾಡಿ 1993ರಲ್ಲಿ ತೀರಿಕೊಂಡರು. ಅವರ ತೈಲವರ್ಣದಲ್ಲಿ ಬೆಳಕು ಚಿತ್ರದೊಳಗೇ ಇದೆ. ಒಂದು ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಭೀಮನ ತೋಳು ಉಬ್ಬುತ್ತದೆ, ಇನ್ನೊಂದು ಪಕ್ಕ ನೆರಳಿಗೆ ಇಳಿಯುತ್ತದೆ. ಒಡವೆಯ ಹೊಳಪನ್ನೂ ಅವರು ಬಿಳಿ-ಹಳದಿ ಬಣ್ಣದ ಚುಕ್ಕೆಯಿಂದಲೇ ತೋರಿಸುತ್ತಾರೆ, ಚಿನ್ನದ ಅಗತ್ಯವಿಲ್ಲ. ಅಂಥ ಚಿತ್ರಕ್ಕೆ ಹೊರಗಿನ ದೀಪ ಬೇಕಿಲ್ಲ, ಮಂದ ಹಗಲಿನಲ್ಲಿಯೂ ಕಚೇರಿಯ ಟ್ಯೂಬ್‌ಲೈಟಿನ ಕೆಳಗೂ ಅದು ತನ್ನ ಬೆಳಕಿನಿಂದ ತಾನು ನಿಲ್ಲುತ್ತದೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಕ್ಯಾಲೆಂಡರು ಮನೆಮನೆ ಸೇರಿದ ಮೇಲೆ ನಮ್ಮ ಹಳ್ಳಿಗಳ ಗುಡಿಗೋಡೆಗೆ ಚಿತ್ರ ಬರೆಯುವವರು ಅದನ್ನೇ ಮಾದರಿ ಮಾಡಿಕೊಂಡರು, ಆಟದ ವೇಷದವರೂ ಕ್ಯಾಲೆಂಡರಿನ ಕೃಷ್ಣ, ಸಿನಿಮಾದ ರಾವಣರ ಕಡೆಗೆ ತಿರುಗಿದರು. ಕಲಬುರಗಿಯ ರಂಗಮಂದಿರಕ್ಕೆ ನಾಟಕಕಾರನ ಹೆಸರಿಡದೆ ಚಿತ್ರಕಾರ ಪಂಡಿತರ ಹೆಸರಿಟ್ಟಿರುವುದು ನನಗೆ ಯಾವಾಗಲೂ ಸರಿಯಾಗಿಯೇ ತೋರಿದೆ. ನಮ್ಮ ಕಣ್ಣಿನಲ್ಲಿ ಭೀಮ ಹೇಗಿರಬೇಕು, ಮೇನಕೆ ಹೇಗಿರಬೇಕು ಎಂಬುದನ್ನು ರಂಗಭೂಮಿಗಿಂತ ಹೆಚ್ಚಾಗಿ ಅವರೇ ತೀರ್ಮಾನಿಸಿದ್ದಾರೆ.

ಬೆಂಕಿಯ ಬೆಳಕು ಪೂರ್ತಿಯಾಗಿ ಉಳಿದಿರುವುದು ಮೊಹರಮ್ಮಿನಲ್ಲಿ. ಕಲಬುರಗಿ, ಯಾದಗಿರಿ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮುಸ್ಲಿಮರ ಮನೆ ಒಂದೆರಡಿದ್ದರೂ, ಕೆಲವೆಡೆ ಇಲ್ಲದಿದ್ದರೂ, ಅಲಾಯಿ ದೇವರು, ಅಂದರೆ ಮೊಹರಮ್ಮಿನಲ್ಲಿ ಪೂಜೆಗೊಳ್ಳುವ ಲಾಂಛನಗಳು, ಕೂರುತ್ತವೆ. ಮಸೂತಿಯ ಮುಂದಿನ ಅಲಾಯಿ ಕುಣಿಯಲ್ಲಿ ಕಟ್ಟಿಗೆ ಒಟ್ಟಿ ಉರಿಸಿ, ಅದರ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ. ಕರ್ಬಲಾದಲ್ಲಿ ಮಡಿದ ಹುಸೇನರ ಕಥೆಯನ್ನು ರಿವಾಯತ್ ಪದಗಳಾಗಿ ಕನ್ನಡದಲ್ಲಿಯೇ ಹಾಡುತ್ತಾರೆ. ಹರಕೆ ಹೊತ್ತವರು ಮೈತುಂಬ ಹಳದಿ ಬಳಿದು ಕಪ್ಪು ಪಟ್ಟೆ ಎಳೆಸಿಕೊಂಡು ಹುಲಿಯಾಗುತ್ತಾರೆ. ಪಟ್ಟೆ ಬರೆಯುವವನು ಬೆನ್ನನ್ನು ಗೋಡೆಯಂತೆಯೇ ಕಾಣುತ್ತಾನೆ: ಮೊದಲು ಹಳದಿ ಒಣಗಬೇಕು, ಆಮೇಲೆ ಬೆನ್ನುಮೂಳೆಯ ಗುಂಟ ಒಂದು ಗೆರೆ, ಅದರಿಂದ ಎರಡೂ ಪಕ್ಕೆಗೆ ಕವಲು. ಹಗಲು ನೋಡಿದರೆ ಅಂಥ ಹುಲಿ ಮಕ್ಕಳನ್ನು ಹೆದರಿಸುವುದೂ ಕಷ್ಟ. ರಾತ್ರಿ ಕುಣಿಯ ಉರಿ ಕೆಳಗಿನಿಂದ ಪಕ್ಕೆಗಳ ಮೇಲೆ ಆಡಿದಾಗ ಪಟ್ಟೆಗಳಿಗೆ ಉಸಿರಾಟ ಬರುತ್ತದೆ. ಈಗ ಹಲವರು ಮೈಗೆ ಎನಾಮಲ್ ಬಣ್ಣ ಹಚ್ಚಿಸಿಕೊಂಡು, ಮರುದಿನ ಸೀಮೆಎಣ್ಣೆಯಿಂದ ತಿಕ್ಕಿ ತೊಳೆದುಕೊಂಡು, ವಾರಗಟ್ಟಲೆ ಚರ್ಮದ ಉರಿ ಅನುಭವಿಸುತ್ತಾರೆ. ಅದೇ ಎನಾಮಲ್ ನಮ್ಮ ಗುಡಿಗಳ ಸುಣ್ಣದ ಗೋಡೆಗಳಿಗೂ ಬಿದ್ದಿದೆ. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುತ್ತದೆ, ಎನಾಮಲ್ ಬಿಡುವುದಿಲ್ಲ. ಒಂದೆರಡು ಮಳೆಗಾಲದಲ್ಲಿ ಬಣ್ಣ ಹೊಪ್ಪಳಿಸಿ, ಕೆಳಗಿನ ಹಳೆಯ ಪದರವನ್ನೂ ಕಿತ್ತುಕೊಂಡು ಉದುರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಎಲ್ಲ ಕಡೆಗೂ ಮತ್ತೆ ಎಣ್ಣೆಯ ದೀಪ ಹಚ್ಚಬೇಕೇ ಎಂದು ಯಾರಾದರೂ ಕೇಳಬಹುದು. ಗೋಡೆಯ ವಿಷಯದಲ್ಲಿ ಖಂಡಿತ ಬೇಡ. ಅಷ್ಟೂರಿನ ಬಣ್ಣವನ್ನು ಶತಮಾನಗಳ ಕಾಲ ತೋರಿಸಿದ ದೀಪವೇ ತನ್ನ ಮಸಿಯಿಂದ ಅದನ್ನು ಮಬ್ಬಾಗಿಸಿದೆ. ಧೂಪದ ಹೊಗೆಯೂ, ಬಾವಲಿಗಳೂ, ತೇವವೂ ತಮ್ಮ ಪಾಲು ಸಲ್ಲಿಸಿವೆ. ಪ್ರಖರ ವಿದ್ಯುದ್ದೀಪವನ್ನು ಸದಾ ಉರಿಸುವುದೂ ಬಣ್ಣಕ್ಕೆ ಹಿತವಲ್ಲ. ಅಷ್ಟೂರು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಲ್ಲಿ ಏನು ಮಾಡುವುದಿದ್ದರೂ ಬಲ್ಲವರೇ ಮಾಡಬೇಕು. ಅಲ್ಲಿಯವರೆಗೆ ಕನ್ನಡಿಯ ಉಪಾಯಕ್ಕೆ ಸಾಟಿಯಾದದ್ದು ನನಗೆ ಕಂಡಿಲ್ಲ: ಮಸಿಯಿಲ್ಲ, ಖರ್ಚಿಲ್ಲ, ಬೇಕಾದಾಗಷ್ಟೇ ಬೆಳಕು. ನೋಡಲು ಹೋಗುವವರು ಹೊತ್ತು ನೋಡಿಕೊಂಡು ಹೋಗಬೇಕು, ಮೋಡದ ದಿನ ಹೋದರೆ ಪ್ರಯೋಜನವಿಲ್ಲ. ಕನ್ನಡಿ ಹಿಡಿದವರಿಗೆ ಕೈತುಂಬ ಕೊಟ್ಟು ಬರಬೇಕು.

ಆಟದ ವಿಷಯ ಇನ್ನೂ ಸುಲಭ. ಜೇವರ್ಗಿ ಕಡೆಯ ಆ ಮೇಳದವರು ಕಳೆದ ಜಾತ್ರೆಯಲ್ಲಿ ಚಪ್ಪರದ ಫ್ಲಡ್‌ಲೈಟುಗಳನ್ನು ಜನ ಕೂತ ಕಡೆಗೆ ತಿರುಗಿಸಿ, ಅಟ್ಟದ ಮುಂದಿನ ಎರಡು ಮೂಲೆಗೆ ಮೊಣಕಾಲೆತ್ತರದ ಗೂಟ ನೆಟ್ಟು, ಹಳದಿ ಬಲ್ಬುಗಳನ್ನು ತಗಡಿನ ಡಬ್ಬದೊಳಗೆ ಕೂರಿಸಿ ಮೇಲ್ಮುಖವಾಗಿ ಇಟ್ಟಿದ್ದರು. ಆರಂಭದಲ್ಲಿ ವಿಡಿಯೊ ಮಾಡುವ ಹುಡುಗರು ಬೆಳಕು ಸಾಲದೆಂದು ತಕರಾರು ತೆಗೆದರು. ದುರ್ಯೋಧನ ತೆರೆ ಸರಿಸಿ ಬಂದು ಸಾರಥಿಯ ಎದುರು ನಿಂತಾಗ ಅವನ ಕಣ್ಣು ಹಿಂದಿನ ಸಾಲಿನವರೆಗೂ ಕಂಡಿತು, ತಕರಾರು ನಿಂತಿತು. ಬಲ್ಬಿನ ಕಾವಿಗೆ ಒಂದು ಭುಜಕೀರ್ತಿಯ ಅಂಟು ಸಡಿಲವಾಗಿ ಬೇಗಡೆ ಎದ್ದಿದ್ದರಿಂದ, ಮುಂದಿನ ಸಲ ಗೂಟವನ್ನು ಒಂದು ಮೊಳ ಹಿಂದಕ್ಕೆ ನೆಡಬೇಕೆಂದು ಮಾಸ್ತರರು ತೀರ್ಮಾನಿಸಿದ್ದಾರೆ.